ಚಿತ್ರಕ್ಕೆ ಮುಂಚಿನ ಎರಡು ಮಾತು

ತಿಂಗಳಿಗೊಮ್ಮೆ ಹತ್ತು ಹನ್ನೆರಡು ಗೆಳೆಯರನ್ನು ಮನೆಗೆ ಕರೆದು ಚಿತ್ರ ತೋರಿಸುವ ರೂಢಿಯನ್ನು ನಾನು ಕೆಲವು ವರ್ಷಗಳಿಂದ ಇಟ್ಟುಕೊಂಡಿದ್ದೇನೆ. ಹಾರರ್ ಕಾಮಿಡಿಯ ಮಟ್ಟಿಗಂತೂ, ಚಿತ್ರ ಶುರುವಾಗುವ ಮುನ್ನ ನಾನಾಡುವ ಎರಡು ಮಾತು ನೋಡುವವರ ಸಂತೋಷವನ್ನು ಕೆಡಿಸಬಲ್ಲದು ಎಂಬುದನ್ನು ತಪ್ಪು ಮಾಡಿಯೇ ಕಲಿತೆ.

1981ರ ‘ಆ್ಯನ್ ಅಮೆರಿಕನ್ ವೇರ್‌ವುಲ್ಫ್ ಇನ್ ಲಂಡನ್’ ತೋರಿಸಿದ ದಿನ, ನಿರ್ದೇಶಕ ಜಾನ್ ಲ್ಯಾಂಡಿಸ್ ಅದಕ್ಕೆ ಮೊದಲು ಹಾಸ್ಯಚಿತ್ರಗಳಿಂದ ಹೆಸರಾದವರೆಂದು ಒತ್ತಿ ಹೇಳಿ, ಹೊಟ್ಟೆ ಹುಣ್ಣಾಗುವಷ್ಟು ನಗುತ್ತೀರಿ ಎಂದು ಮಾತು ಕೊಟ್ಟೆ. ಎಲ್ಲರೂ ನಗುವುದಕ್ಕೇ ಕುಳಿತರು. ನಾಯಕನ ಮೈ ಬೆಳಕು ತುಂಬಿದ ಕೋಣೆಯಲ್ಲಿ ಮೂಳೆ ಮೂಳೆಯಾಗಿ ಹಿಗ್ಗಿ ತೋಳವಾಗುವ ದೃಶ್ಯವನ್ನೂ (ಮೇಕಪ್‌ಗೆಂದೇ ಆರಂಭವಾದ ಆಸ್ಕರ್ ಪ್ರಶಸ್ತಿಯನ್ನು ರಿಕ್ ಬೇಕರ್ ಅವರಿಗೆ ಮೊದಲು ತಂದುಕೊಟ್ಟ ಚಿತ್ರವಿದು) ಅವರು ಮುಂದಿನ ನಗೆಮಾತಿಗೆ ಕಾಯುತ್ತಲೇ ನೋಡಿದರು. ಸತ್ತ ಗೆಳೆಯ ಹರಿದ ಕುತ್ತಿಗೆಯಲ್ಲೇ ಬಂದು ಸಹಜವಾಗಿ ಹರಟುವ ಕಡೆ ಅವರಿಗೆ ಹೆದರಿಕೆಯೂ ಆಗಲಿಲ್ಲ, ನಗುವೂ ಬರಲಿಲ್ಲ. ಈ ಬಗೆಯ ಚಿತ್ರದಲ್ಲಿ ನಗು ಹುಟ್ಟುವುದು ಬಿಗಿಹಿಡಿದ ಉಸಿರು ಸಡಿಲಾಗುವಾಗ. ನಾನು ಆ ಉಸಿರನ್ನು ಬಿಗಿಹಿಡಿಯಲು ಯಾರಿಗೂ ಅವಕಾಶ ಕೊಟ್ಟಿರಲಿಲ್ಲ.

2018ರ ‘ಸ್ತ್ರೀ’ ತೋರಿಸುವಾಗ ನಗು, ಭಯ ಎರಡರ ಮಾತನ್ನೂ ಎತ್ತದೆ, ‘ನಾಳೆ ಬಾ’ ಎಂದು ಬರೆದ ಬಾಗಿಲುಗಳನ್ನು ಯಾರು ಯಾರು ನೋಡಿದ್ದೀರಿ ಎಂದಷ್ಟೇ ಕೇಳಿದೆ. ತೊಂಬತ್ತರ ದಶಕದಲ್ಲಿ ಬೆಂಗಳೂರಿನಲ್ಲಿ ಬೆಳೆದವರು ಒಬ್ಬೊಬ್ಬರಾಗಿ ನೆನಪು ತೆಗೆದರು: ರಾತ್ರಿ ಮನೆಯವರದೇ ದನಿಯಲ್ಲಿ ಕರೆಯುವ ದೆವ್ವ, ಸುಣ್ಣದ ಕಡ್ಡಿಯಿಂದ ಬಾಗಿಲ ಮೇಲೆ ಬರೆದ ಅಜ್ಜಿ, ಮಂಚ ಬಿಟ್ಟಿಳಿಯದ ಮಕ್ಕಳು. ಆಮೇಲೆ ಮಧ್ಯಪ್ರದೇಶದ ಚಂದೇರಿಯ ಗೋಡೆಗಳ ಮೇಲೆ ‘ಓ ಸ್ತ್ರೀ, ಕಲ್ ಆನಾ’ ಎಂಬ ಕೆಂಪಕ್ಷರ ಕಂಡಾಗ ಕೋಣೆಯಲ್ಲಿ ಸದ್ದಿರಲಿಲ್ಲ. ದೆವ್ವ ಎತ್ತಿಕೊಂಡು ಹೋಗುವುದು ಗಂಡಸರನ್ನು, ಉಳಿಯುವುದು ಅವರ ಬಟ್ಟೆ ಮಾತ್ರ ಎಂದಾಗ ಎದ್ದ ನಗು ಬಹಳ ಹೊತ್ತಿನವರೆಗೂ ಅಡಗಲಿಲ್ಲ.

ಮೊದಲೇ ಕೇಳಿದ ಮಾತು ಸಂತೋಷ ಕೆಡಿಸುವುದನ್ನು ನನ್ನ ಮೇಲೂ ಕಂಡಿದ್ದೇನೆ. 2025ರ ‘ಸು ಫ್ರಂ ಸೋ’ ಚಿತ್ರಕ್ಕೆ ನಾನು ಹೋದದ್ದು ಕಂಡಕಂಡವರೆಲ್ಲ ಹೊಗಳಿದ ಮೇಲೆ. ಕರಾವಳಿಯ ಆ ಊರಿನ ಜನರ ಮಾತುಕತೆಯನ್ನು ಸವಿಯುವುದನ್ನು ಬಿಟ್ಟು, ಪ್ರತಿ ದೃಶ್ಯವನ್ನೂ ಆ ಹೊಗಳಿಕೆಯೊಂದಿಗೆ ತೂಗುತ್ತ ಕುಳಿತೆ. ಎರಡನೆಯ ಸಲ ನೋಡಿದಾಗಲೇ, ಚಿತ್ರದ ಹೆಸರಿನ ‘ಸು’ ಆದ ಸುಲೋಚನೆಯ ಕಥೆ ನನ್ನನ್ನು ಹಿಡಿದು ಕೂರಿಸಿತು.

ಈಗ ಕರೆಯೋಲೆಯಲ್ಲಿ ಚಿತ್ರದ ಹೆಸರು ಮತ್ತು ಸಮಯವನ್ನಷ್ಟೇ ಬರೆಯುತ್ತೇನೆ; ಟ್ರೈಲರ್ ನೋಡದೆ ಬರಬೇಕೆಂದು ಕೆಳಗೊಂದು ಸಾಲು ಸೇರಿಸುತ್ತೇನೆ.