32 ಬಿಟ್ ಖಾನೆಗೆ 64 ಬಿಟ್ ಪಾಯಿಂಟರ್: ಪೀಣ್ಯದಲ್ಲಿ ನಾನು ಪಟ್ಟ ಪಾಡು

"ಆ ಕಾರ್ಡ್ ಬಿಸಾಕಿ ಹೊಸದು ತಗೊಳ್ಳಿ ಸಾರ್, ಇದು ಆಗೋ ಕೆಲಸ ಅಲ್ಲ." ನನಗಿಂತ ಮುಂಚೆ ನೋಡಿದ ಇಬ್ಬರೂ ಪೀಣ್ಯದ ಒಂದು ಘಟಕದ ಯಜಮಾನರಿಗೆ ಹೀಗೇ ಹೇಳಿ ಹೋಗಿದ್ದರು. ನನ್ನ ಹಳೇ ಆಫೀಸಿನ ಸೀನಿಯರ್ ಕೂಡ "ಬೇಡ ಗುರು, ಕೈ ಸುಟ್ಕೋತೀಯ" ಅಂದಿದ್ದರು. ಈಗ ಅಲ್ಲಿನ ಆರು ಟೆಸ್ಟ್ ಬೆಂಚೂ ಅದೇ ಕಾರ್ಡಿನಲ್ಲಿ ನಾಲ್ಕು ತಿಂಗಳಿಂದ ನಿಲ್ಲದೆ ಓಡುತ್ತಿವೆ. ಅದಕ್ಕೇ ಬರೀತಿದ್ದೇನೆ.

ಪೀಣ್ಯದಲ್ಲಿ ಮೋಟರ್ ಟೆಸ್ಟ್ ಮಾಡುವ ಒಂದು ಘಟಕ. ಪ್ರತಿ ಬೆಂಚಿಗೂ ಪಿಸಿಯೊಳಗೆ ಚುಚ್ಚುವ ಒಂದು ಹಳೇ ಪಿಸಿಐಇ ಡೇಟಾ ಕಾರ್ಡ್. ಹತ್ತು ವರ್ಷದಿಂದ 32 ಬಿಟ್ ಎಕ್ಸ್86 ಪಿಸಿಯಲ್ಲಿ ಓಡುತ್ತಿತ್ತು. ಪಿಸಿಗಳು ಒಂದೊಂದಾಗಿ ಸಾಯತೊಡಗಿದವು. 64 ಬಿಟ್ ಆರ್ಮ್ ಪ್ರೊಸೆಸರ್ ಇರುವ ಬೋರ್ಡಿಗೆ ಹೋಗೋಣ ಅಂತ ಯಜಮಾನರ ಆಸೆ. ಹೊಸ ಕಾರ್ಡ್ ಒಂದಕ್ಕೆ ಹತ್ತಿರ ಹತ್ತಿರ ಎರಡು ಲಕ್ಷ, ಆರಕ್ಕೆ ಹನ್ನೆರಡು. ನಾನು ಹೇಳಿದ್ದು 90 ಸಾವಿರ, ಎರಡು ತಿಂಗಳು. ದುಡ್ಡು ಅದಕ್ಕಿಂತ ಸ್ವಲ್ಪ ಕಡಿಮೆಯೇ ಬಂತು, ತಿಂಗಳು ಮಾತ್ರ ಐದಾಯಿತು.

ಕಾರ್ಡನ್ನು ಓಡಿಸುವ ಪ್ರೋಗ್ರಾಂ, ಅಂದರೆ ಡ್ರೈವರ್, ಅದರ ಸೋರ್ಸ್ ಇತ್ತು; ಕಾರ್ಡಿನೊಳಗಿನ ಫರ್ಮ್‌ವೇರ್‌ನದು ಇರಲಿಲ್ಲ. ಕಾರ್ಡಿಗೆ ಒಂದೊಂದು ಕೆಲಸ ಹೇಳುವ ಚೀಟಿ, ಅಂದರೆ ಡಿಸ್ಕ್ರಿಪ್ಟರ್, 16 ಬೈಟ್: ಬಫರ್ ವಿಳಾಸ, ಉದ್ದ, ಸ್ಟೇಟಸ್, ಕೊನೆಗೊಂದು ಟ್ಯಾಗ್. ಎಲ್ಲ ನಾಲ್ಕು ನಾಲ್ಕು ಬೈಟ್. ಟ್ಯಾಗ್‌ನಲ್ಲಿ ನಾವು ಏನು ಬರೆದರೂ ಕೆಲಸ ಮುಗಿದಾಗ ಕಾರ್ಡ್ ಅದನ್ನೇ ವಾಪಸ್ ಕೊಡುತ್ತದೆ. ಮೊದಲು ಬರೆದ ಪುಣ್ಯಾತ್ಮ ಅದರಲ್ಲಿ ರಿಕ್ವೆಸ್ಟ್ ಸ್ಟ್ರಕ್ಟಿನ (ಆ ಕೆಲಸದ ವಿವರ ಇಟ್ಟ ಜಾಗ) ಪಾಯಿಂಟರನ್ನೇ, ಅಂದರೆ ಅದರ ಮೆಮೊರಿ ವಿಳಾಸವನ್ನೇ ತುರುಕಿದ್ದ. 32 ಬಿಟ್‌ನಲ್ಲಿ ಸರಿಯಾಗಿ ಕೂತಿತ್ತು. 64ಕ್ಕೆ ಬಂದ ತಕ್ಷಣ ಪಾಯಿಂಟರ್ ಎಂಟು ಬೈಟ್ ಆಯಿತು, ಕಂಪೈಲರ್ ಗಲಾಟೆ ಶುರು ಮಾಡಿತು.

ನಾನು ಮಾಡಿದ ಮೊದಲ ದಡ್ಡತನ: ನಡುವೆ ಒಂದು ಅನ್‌ಸೈನ್ಡ್ ಲಾಂಗ್ ಕಾಸ್ಟ್ (ಇದನ್ನು ಬರೀ ಸಂಖ್ಯೆ ಅಂದುಕೋ ಅನ್ನುವ ಸೂಚನೆ) ಹಾಕಿದೆ. ವಾರ್ನಿಂಗ್ ಹೋಯಿತು. ಪಾಯಿಂಟರ್‌ನ ಮೇಲರ್ಧವೂ ಅದರ ಜೊತೆಗೇ ಸದ್ದಿಲ್ಲದೆ ಹೋಯಿತು.

ಇದನ್ನು ಹುಡುಕಲು ಪ್ರಿಂಟ್ ಹಾಕಿದೆ, ಅಲ್ಲೂ ಎಡವಿದೆ. ಲಿನಕ್ಸ್ ಕರ್ನಲ್ 4.15ರಿಂದ ಪಾಯಿಂಟರ್ ಪ್ರಿಂಟ್ ಮಾಡುವ ಪರ್ಸೆಂಟ್-ಪಿ ನಿಜವಾದ ವಿಳಾಸ ತೋರಿಸಲ್ಲ, ಹ್ಯಾಶ್ ಮಾಡಿ ಮರೆಮಾಚಿದ ಸಂಖ್ಯೆ ತೋರಿಸುತ್ತದೆ. 64 ಬಿಟ್‌ನಲ್ಲಿ ಆ ಸಂಖ್ಯೆಯ ಮೇಲರ್ಧ ಯಾವಾಗಲೂ ಸೊನ್ನೆ. ನಾನು ಅದನ್ನು ನೋಡಿ, ಮೆಮೊರಿ ಅಲೊಕೇಟ್ ಮಾಡುವ (ಪಡೆದುಕೊಳ್ಳುವ) ಜಾಗದಲ್ಲೇ ಪಾಯಿಂಟರ್ ತುಂಡಾಗುತ್ತಿದೆ ಅಂದುಕೊಂಡೆ. ಎರಡು ದಿನ ಇಲ್ಲದ ಕಳ್ಳನನ್ನು ಹುಡುಕಿದೆ. ಪರ್ಸೆಂಟ್-ಪಿಎಕ್ಸ್ ಹಾಕಿದ ಮೇಲೆ ಪೂರ್ತಿ ವಿಳಾಸ ಬಂತು, ನಗಬೇಕೋ ಅಳಬೇಕೋ ಗೊತ್ತಾಗಲಿಲ್ಲ.

ಆಮೇಲೆ ಒಂದು ಜುಗಾಡ್ ಮಾಡಿದೆ. ಇದನ್ನು ಹೇಳಿಕೊಳ್ಳಲು ನಾಚಿಕೆ, ಆದರೆ ನೀವೂ ಮಾಡ್ತೀರಿ ಅಂತ ಗೊತ್ತು. ಮೊದಲ ಅಲೊಕೇಶನ್‌ನ ಮೇಲರ್ಧವನ್ನು ನೆನಪಿಟ್ಟುಕೊಂಡು, ಟ್ಯಾಗ್ ವಾಪಸ್ ಬಂದಾಗ ಅದನ್ನು ಅಂಟಿಸುವುದು. ನನ್ನ ಮನೆಯ 2 ಜಿಬಿ ಬೋರ್ಡಿನಲ್ಲಿ ಎರಡು ವಾರ ಓಡಿತು. ಓಡಲೇಬೇಕಲ್ಲ, ಅಷ್ಟು ಮೆಮೊರಿಯಲ್ಲಿ ಎಲ್ಲ ವಿಳಾಸಗಳ ಮೇಲರ್ಧವೂ ಒಂದೇ. ಕುಣಿದಾಡಿಕೊಂಡು ಹೋಗಿ ಒಂದು ಬೆಂಚಿಗೆ ಹಾಕಿ ಬಂದೆ.

ಅಲ್ಲಿದ್ದದ್ದು 8 ಜಿಬಿ ಬೋರ್ಡ್. ಬೆಳಿಗ್ಗೆಯೆಲ್ಲ ಚೆನ್ನಾಗಿ ಓಡುತ್ತಿತ್ತು. ಸಂಜೆ ನಾಲ್ಕರ ಹೊತ್ತಿಗೆ ಹ್ಯಾಂಗ್. ಒಂದು ದಿನ ಫೈಲ್ ಸಿಸ್ಟಮ್ ಕೆಟ್ಟಿತು, ಇನ್ನೊಂದು ದಿನ ನೆಟ್‌ವರ್ಕ್. ನನ್ನ ಡ್ರೈವರ್ ಹೆಸರು ಲಾಗ್‌ನಲ್ಲಿ ಎಲ್ಲೂ ಇಲ್ಲ. "ಕರೆಂಟ್ ಸಮಸ್ಯೆ ಇರಬಹುದು ಸಾರ್" ಅಂತ ನಾನೇ ಹೇಳಿ, ಅವರು ಒಂದು ಯುಪಿಎಸ್ ಕೂಡ ತಂದರು. ಅದರ ಪಾಪ ನನ್ನ ಮೇಲಿದೆ.

ಆಗುತ್ತಿದ್ದದ್ದು ಇಷ್ಟು. ಕರ್ನಲ್ ಮೊದಲು 4 ಜಿಬಿಗಿಂತ ಮೇಲಿನ ಜಾಗ ಕೊಡುತ್ತದೆ. ದಿನವಿಡೀ ಲಾಗ್ ಫೈಲ್ ಬರೆದು ಬರೆದು, ಫೈಲ್‌ಗಳ ಪ್ರತಿ ಮೆಮೊರಿಯಲ್ಲಿ ಇಡುವ ಪೇಜ್ ಕ್ಯಾಶ್ ತುಂಬಿದ ಮೇಲೆ ಕೆಳಗಿನ ಜಾಗಕ್ಕೆ ಇಳಿಯುತ್ತದೆ. ಅಲ್ಲಿ ಮೇಲರ್ಧ ಬೇರೆ. ನಾನು ಅಂಟಿಸಿದ ವಿಳಾಸ ತಪ್ಪು, ಆದರೆ ಅಲ್ಲೂ ನಿಜವಾದ ಮೆಮೊರಿಯೇ ಇದೆ, ಬೇರೆ ಯಾರದೋ. ಹಾಗಾಗಿ ಓಪ್ಸ್ (ಕರ್ನಲ್‌ನ ದೋಷ ವರದಿ) ಬರಲ್ಲ, ಸುಮ್ನೆ ಪಕ್ಕದ ಮನೆಗೆ ನುಗ್ಗಿ ಪಾತ್ರೆ ಒಡೆದು ಬರುತ್ತದೆ. ಇದು ಗೊತ್ತಾಗಲು ಮೂರು ವಾರ ಬೇಕಾಯಿತು. ಎಸ್‌ಪಿ ರಸ್ತೆಯಲ್ಲಿ ನನ್ನ ಕೈಯಿಂದ ಒಂಬತ್ತು ಸಾವಿರ ಕೊಟ್ಟು 8 ಜಿಬಿ ಬೋರ್ಡ್ ತಂದು, ಮೆಮೊರಿಯನ್ನು ಬೇಕಂತಲೇ ತುಂಬಿಸಿದೆ. ಸಂಜೆ ನಾಲ್ಕಕ್ಕೆ ಬರುತ್ತಿದ್ದ ಹ್ಯಾಂಗ್ ಬರೀ ಆರೇ ನಿಮಿಷದಲ್ಲಿ ಬಂತು! ಅಷ್ಟರಲ್ಲಿ ಯಜಮಾನರು ಎರಡನೇ ಕಂತು ತಡೆಹಿಡಿದಿದ್ದರು, ಹಾಳಾದ ದಿನಗಳ ಲೆಕ್ಕಕ್ಕೆ 12 ಸಾವಿರ ಮುರಿದುಕೊಂಡಿದ್ದರು.

ಸೀನಿಯರ್ ಬೈಟು ಕಾಫಿ ಕುಡಿಯುತ್ತಾ ಒಂದು ಐಡಿಯಾ ಕೊಟ್ಟರು: ಎಲ್ಲ ರಿಕ್ವೆಸ್ಟನ್ನೂ 4 ಜಿಬಿ ಒಳಗೇ ಅಲೊಕೇಟ್ ಮಾಡು. ಕರ್ನಲ್‌ನಲ್ಲಿ ಮೆಮೊರಿ ಕೊಡುವ ಕೆಮ್ಯಾಲಾಕ್, 4 ಜಿಬಿ ಒಳಗೇ ಕೊಡು ಅನ್ನುವ ಡಿಎಂಎ32 ಫ್ಲ್ಯಾಗ್ ಒಪ್ಪಲ್ಲ, ಪೇಜ್ ಲೆಕ್ಕದಲ್ಲಿ ತಗೋಬೇಕು. ಮಾಡಿ ನೋಡಿದೆ, ಓಡಿತು ಕೂಡ. ಆದರೆ ಇದೂ ಅದೇ ಜುಗಾಡಿನ ತಮ್ಮ. ನಾಳೆ ಯಾರೋ ವಿಳಾಸ ಅದಲುಬದಲು ಮಾಡುವ ಕೆಎಎಸ್ಎಲ್ಆರ್ ಆನ್ ಮಾಡಿದರೆ ಮತ್ತೆ ನನಗೇ ಫೋನ್.

ದೇವಸ್ಥಾನದ ಹೊರಗೆ ಚಪ್ಪಲಿ ಬಿಡುವ ಕಡೆ ಏನು ಕೊಡ್ತಾರೆ? ಒಂದು ನಂಬರ್ ಟೋಕನ್. ಚಪ್ಪಲಿ ಇಟ್ಟ ಜಾಗ ಅವರಿಗೆ ಗೊತ್ತಿದ್ದರೆ ಸಾಕು. ಕಾರ್ಡಿಗೂ ಅಷ್ಟೇ ಮಾಡಿದೆ. ಡಿಸ್ಕ್ರಿಪ್ಟರ್‌ಗಳ ಸಾಲಾದ ರಿಂಗ್‌ನಲ್ಲಿ ಇರುವುದೇ 256. ನನ್ನ ಕಡೆ 256 ಮನೆಯ ಒಂದು ಟೇಬಲ್, ಅದರಲ್ಲಿ ಪೂರ್ತಿ ಪಾಯಿಂಟರ್. ಟ್ಯಾಗ್‌ನ ಕೆಳಗಿನ 8 ಬಿಟ್‌ಗೆ ಮನೆ ನಂಬರ್, ಮೇಲಿನ 24 ಬಿಟ್‌ಗೆ ಸರದಿ ಸಂಖ್ಯೆ. ನಿನ್ನೆಯ ಟೋಕನ್ ತಂದು ಇವತ್ತಿನ ಚಪ್ಪಲಿ ಕೇಳಿದರೆ ಸರದಿ ಹೊಂದಲ್ಲ, ಎಸೆದುಬಿಡುತ್ತೇನೆ. "ಟೇಬಲ್ ನೋಡೋದು ನಿಧಾನ ಆಗುತ್ತೆ" ಅಂದರು ಸೀನಿಯರ್. ಸೆಕೆಂಡಿಗೆ ಸುಮಾರು ನಾಲ್ಕು ಸಾವಿರ ಕಂಪ್ಲೀಷನ್ (ಮುಗಿದ ಕೆಲಸ). ಅಳೆದು ನೋಡಿದರೆ ವ್ಯತ್ಯಾಸವೇ ಕಾಣಲಿಲ್ಲ.

ಕಾರ್ಡ್ ರೀಸೆಟ್ ಆದಾಗ ಸರದಿ ಸಂಖ್ಯೆಯನ್ನು ಏನು ಮಾಡುತ್ತೇನೆ ಅನ್ನುವುದನ್ನು ಮಾತ್ರ ಇಲ್ಲಿ ಹೇಳಲ್ಲ. ಅದಕ್ಕೇ ಎರಡು ವಾರ ಹೋಗಿದೆ, ಹೊಟ್ಟೆಪಾಡು.

ಬಫರ್ ವಿಳಾಸದ ಕಥೆ ಸುಲಭವಾಗಿ ಮುಗಿಯಿತು. ವಿಳಾಸವನ್ನು ನೇರವಾಗಿ ಲೆಕ್ಕ ಹಾಕುವ ಹಳೇ ವರ್ಟ್-ಟು-ಫಿಸ್ ಕಿತ್ತು, ಕಾರ್ಡಿಗೆ 32 ಬಿಟ್ ವಿಳಾಸ ಮಾತ್ರ ಗೊತ್ತು ಅಂತ ಕರ್ನಲ್‌ಗೆ ಹೇಳಿ (ಡಿಎಂಎ ಮಾಸ್ಕ್ 32), ಕಾರ್ಡಿಗೆ ತಲುಪುವ ವಿಳಾಸ ಕೊಡುವ ಡಿಎಂಎ ಮ್ಯಾಪ್ ಬಳಸಿದೆ. ಅನ್‌ಮ್ಯಾಪ್ ಒಂದು ಕಡೆ ಮರೆತಿದ್ದೆ, ಎಸ್‌ಡಬ್ಲ್ಯೂಐಒಟಿಎಲ್‌ಬಿ (ಕೆಳಗಿನ ಮೆಮೊರಿಯಲ್ಲಿ ಇಟ್ಟ ತಾತ್ಕಾಲಿಕ ಬಫರ್) ತುಂಬಿದೆ ಅಂತ ಕರ್ನಲ್ಲೇ ಬೈದು ನೆನಪಿಸಿತು.

ಇನ್ನೊಂದು ತಲೆನೋವು ರಿಪೋರ್ಟ್ ಪ್ರೋಗ್ರಾಂ. ಅದರ ತುಂಬ ಪಾಯಿಂಟರ್‌ಗಳು ಇಂಟ್ (32 ಬಿಟ್ ಸಂಖ್ಯೆ) ಒಳಗೆ. ಅದನ್ನು ಸರಿಮಾಡಲು ಯಜಮಾನರು ದುಡ್ಡು ಕೊಡಲ್ಲ ಅಂದರು. ಸರಿ, ಅದನ್ನು 32 ಬಿಟ್ ಆರ್ಮ್‌ಗೇ ಕಂಪೈಲ್ ಮಾಡಿ 64 ಬಿಟ್ ಕರ್ನಲ್ ಮೇಲೆ ಓಡಿಸಿದೆ. ಡ್ರೈವರ್ ಜೊತೆ ಮಾತಾಡುವ ಐಒಸಿಟಿಎಲ್ ಕರೆದರೆ ಇನೋಟಿಟಿವೈ, ಅಂದರೆ ಈ ಕರೆ ಗೊತ್ತಿಲ್ಲ ಅನ್ನುವ ದೋಷ. ಸ್ಟ್ರಕ್ಟ್‌ನಲ್ಲಿ ಒಂದು ಪಾಯಿಂಟರ್, ಉದ್ದ ಹೇಳುವ ಒಂದು ಲಾಂಗ್. ಪ್ರೋಗ್ರಾಂ ಕಡೆ 8 ಬೈಟ್, ಕರ್ನಲ್ ಕಡೆ 16. ಗಾತ್ರವೂ ಐಒಸಿಟಿಎಲ್ ನಂಬರ್ ಒಳಗೇ ಸೇರುವುದರಿಂದ ನಂಬರೇ ಬೇರೆ ಆಗಿತ್ತು. ಪಾಯಿಂಟರನ್ನು ಎರಡೂ ಕಡೆ 64 ಬಿಟ್ ಸಂಖ್ಯೆ ಮಾಡಿ, ಉದ್ದವನ್ನು 32 ಬಿಟ್ ಮಾಡಿ, ಉಳಿದ ಜಾಗಕ್ಕೆ ಹೆಸರಿಟ್ಟು ಪ್ಯಾಡಿಂಗ್ ಹಾಕಿದೆ. 32 ಬಿಟ್ ಪ್ರೋಗ್ರಾಂ ಕರೆಗೆ ಉತ್ತರ ಕೊಡುವ ಕಾಂಪ್ಯಾಟ್ ಐಒಸಿಟಿಎಲ್ ಸೇರಿಸೋದು ಮರೀಬೇಡಿ. ಸ್ಟ್ರಕ್ಟ್‌ನ ಅಳತೆ ತೋರಿಸುವ ಪಹೋಲ್‌ನಲ್ಲಿ ಎರಡೂ ಬಿಲ್ಡ್ ಪಕ್ಕಪಕ್ಕ ಇಟ್ಟು ನೋಡಿ.

ಹಳೇ ದಾಖಲೆ ಫೈಲ್‌ಗಳೂ ಕೈ ಕೊಟ್ಟವು. ಒಂದು ಇಂಟ್, ಆಮೇಲೆ 64 ಬಿಟ್ ಸಮಯ: 32 ಬಿಟ್ ಎಕ್ಸ್86ನಲ್ಲಿ 12 ಬೈಟ್, ಆರ್ಮ್‌ನಲ್ಲಿ 32 ಆದರೂ 64 ಆದರೂ 16. ಫೈಲ್ ಓದುವ ಸ್ಟ್ರಕ್ಟನ್ನು ಪ್ಯಾಕ್ ಮಾಡಿದ (ನಡುವಿನ ಖಾಲಿ ಬೈಟ್ ತೆಗೆದ) ಮೇಲೆ ಹತ್ತು ವರ್ಷದ ಹಳೇ ರಿಪೋರ್ಟ್ ಎಲ್ಲ ತೆರೆದವು. ಯಜಮಾನರು ಮೊದಲ ಸಲ ನಕ್ಕಿದ್ದು ಅವತ್ತೇ. ಉಳಿದ ಕಂತು ಬಂತು, ಆ 12 ಸಾವಿರ ಮಾತ್ರ ಬರಲಿಲ್ಲ.

ಹೋದ ವಾರ ಅವರೇ ಫೋನ್ ಮಾಡಿ ಕರೆದರು. ಅಣ್ಣನ ಫ್ಯಾಕ್ಟರಿಯ ಕಾರ್ಡಂತೆ, ಇನ್ನೂ ಹಳೇದು. ಮೇಜಿನ ಮೇಲಿಟ್ಟು "ಇದೂ ಅದೇ ಥರ ಅಲ್ವಾ, ಕಡಿಮೆಗೆ ಮಾಡಿಕೊಡಿ" ಅಂದರು. ಡೇಟಾಶೀಟ್ ತೆಗೆದು ನೋಡಿದೆ. ಅದರ ಟ್ಯಾಗ್ 16 ಬಿಟ್. ಒಂದೂಕಾಲು ಲಕ್ಷ ಅಂತ ಹೇಳಿ ಬಂದಿದ್ದೇನೆ.