ಮಾಟುಂಗಾದ ಮಾಳಿಗೆಯಲ್ಲಿ ಹನ್ನೆರಡು ಫೋನ್‌ಗಳು

ನಮ್ಮ ಸಂಘದ ಕಪಾಟಿನಲ್ಲಿ ಹಳೆಯ ಸ್ಮರಣ ಸಂಚಿಕೆಗಳ ಸುಮಾರು 18 ಸಾವಿರ ಪುಟಗಳಿದ್ದವು. ಮೊಳೆ ಜೋಡಿಸಿ ಅಚ್ಚು ಹಾಕಿದ ಕಾಲದವು. ಒತ್ತಕ್ಷರಗಳೆಲ್ಲ ಮಸಿಯಲ್ಲಿ ಮುಳುಗಿವೆ. ಒಂದೊಂದು ಪುಟವನ್ನೂ ನಾಲ್ಕು ಬಗೆಯಲ್ಲಿ ತಿಳಿಗೊಳಿಸಿ ಚಿತ್ರದಿಂದ ಅಕ್ಷರ ಗುರುತಿಸುವ ಟೆಸೆರಾಕ್ಟ್ ತಂತ್ರಾಂಶದಿಂದ ಓದಿಸಬೇಕು. ನನ್ನ ಹಳೆಯ ಲ್ಯಾಪ್‌ಟಾಪ್ ರಾತ್ರಿಯಿಡೀ ಓಡಿದರೂ 250 ಪುಟ ದಾಟುತ್ತಿರಲಿಲ್ಲ. ಮುಂಬಯಿಯ ಮಾಟುಂಗಾದಲ್ಲಿ ಪರಿಚಯದ ಹೋಟೆಲಿನ ಮಾಳಿಗೆಯಲ್ಲಿ ಅಲ್ಲಿನ ಕೆಲಸದ ಹುಡುಗರು ಮಲಗಿದಾಗ ಹನ್ನೆರಡು ಫೋನ್‌ಗಳು ಚಾರ್ಜಿಗೆ ಬಿದ್ದಿರುತ್ತವೆ. ಅವುಗಳಿಂದಲೇ ಕೆಲಸ ಮಾಡಿಸುತ್ತೇನೆ ಎಂದಾಗ ಸಮಿತಿಯಲ್ಲಿ ಒಬ್ಬರೂ ನಂಬಲಿಲ್ಲ.

ರೂಟರ್ ಇಲ್ಲದೆ ಫೋನ್‌ಗಳನ್ನು ನೇರವಾಗಿ ಜೋಡಿಸುವ ವೈಫೈ ಡೈರೆಕ್ಟ್‌ಗೆ ಎರಡು ವಾರ ಸುರಿದೆ. ನಾಲ್ಕನೆಯ ಫೋನ್ ಸೇರುವಷ್ಟರಲ್ಲಿ ಮೊದಲನೆಯದು ಕಳಚಿಕೊಳ್ಳುತ್ತಿತ್ತು. ಕೊನೆಗೆ 900 ರೂಪಾಯಿಯ ರೂಟರ್ ಒಂದನ್ನು ಅಟ್ಟದ ಮೇಲಿಟ್ಟೆ. ಪುಟವನ್ನು ನಾಲ್ಕು ತುಂಡು ಮಾಡಿದ ಮೇಲೆ ಅಗ್ಗದ ಫೋನ್‌ಗಳೂ ಉಸಿರಾಡಿದವು.

ಕಷ್ಟವಾದದ್ದು ಮನುಷ್ಯರದು. ಮೊದಲು ಮುಗಿಸಿದ ತುಂಡುಗಳಿಗೆ ಅಂಕ ಕೊಟ್ಟೆ. ಮೂರು ದಿನದಲ್ಲಿ ಎಲ್ಲರಿಗೂ ಬೇಸರ ಬಂತು. ತಿಂಗಳ ಕೊನೆಗೆ ಎಲ್ಲರಿಗೂ ಸಮನಾಗಿ ರೀಚಾರ್ಜ್ ಎಂದೆ. ಅರ್ಧ ಜನ ಈ ಕೆಲಸದ ಆ್ಯಪ್ ಮುಚ್ಚಿಟ್ಟು ಮಲಗಿದರು, ಉಳಿದವರು ಸಿಟ್ಟಾದರು. ಒಬ್ಬ ಹುಡುಗ ನೇರವಾಗಿಯೇ ಹೇಳಿದ: "ಅಣ್ಣಾ, ತಿಂಗಳ ಕೊನೆಗೆ ಕೊಡುತ್ತೇನೆ ಎಂದವರನ್ನು ನಾವು ಬಹಳ ಕಂಡಿದ್ದೇವೆ." ಮರುದಿನದಿಂದ ನೂರು ತುಂಡಿಗೆ ಒಂದೂವರೆ ರೂಪಾಯಿಯಂತೆ ಲೆಕ್ಕ ಹಾಕಿ, ಬೆಳಗಿನ ಐದೂವರೆಗೆ, ಅವರು ಹಲ್ಲುಜ್ಜುವ ಮೊದಲೇ, ಯುಪಿಐ ಮೂಲಕ ಹಾಕತೊಡಗಿದೆ. ಒಬ್ಬೊಬ್ಬರಿಗೆ ಸುಮಾರು ಹತ್ತು ರೂಪಾಯಿ. ಬಿಟ್ಟುಹೋದವರೂ ಅದೇ ವಾರ ಮರಳಿ ಬಂದರು.

ಅವರಿಗಿದ್ದ ಇನ್ನೊಂದು ಭಯ ಒಟಿಪಿಯದು, ಫೋಟೊಗಳದು. ನ್ಯಾಯವಾದ ಭಯವೇ. ರೂಟರ್‌ಗೆ ಇಂಟರ್‌ನೆಟ್ ಕೊಡಲೇ ಇಲ್ಲ. ಮಲಗುವಾಗ ಫ್ಲೈಟ್ ಮೋಡ್ ಹಾಕಿ ವೈಫೈ ಮಾತ್ರ ತೆರೆಯಿರಿ ಎಂದೆ. ಏನೂ ಹೊರಗೆ ಹೋಗದೆಂದು ಅವರೇ ನೋಡಿಕೊಂಡರು. ಕರೆಂಟು ಯಾರದೆಂದು ಧಣಿಗಳು ಕೇಳಿದರು. ಮೀಟರ್ ತೋರಿಸಿದೆ: ಹನ್ನೆರಡೂ ಸೇರಿ ರಾತ್ರಿಗೆ ಅರ್ಧ ಯುನಿಟ್ ಕೂಡ ಇಲ್ಲ.

ಬಂದ ಉತ್ತರಗಳನ್ನು ನಾನು ನಂಬುವುದು ಹೇಗೆ ಎಂಬ ಪ್ರಶ್ನೆಯೂ ಇತ್ತು. ಒಂದೇ ತುಂಡನ್ನು ಎರಡು ಫೋನ್‌ಗಳಿಗೆ ಕೊಟ್ಟು ಉತ್ತರ ಹೋಲಿಸುವುದು ಹಳೆಯ ಕ್ರಮ. ಅನ್ಯಗ್ರಹ ಜೀವಿಗಳ ಸಂಕೇತ ಹುಡುಕಲು ಜನರ ಮನೆಯ ಕಂಪ್ಯೂಟರ್‌ಗಳನ್ನು ಬಳಸಿದ, 1999ರಲ್ಲಿ ಶುರುವಾದ ಸೆಟಿ ಅಟ್ ಹೋಮ್ ಯೋಜನೆ ಕೂಡ ಒಂದೇ ಕೆಲಸವನ್ನು ಬೇರೆ ಬೇರೆ ಕಂಪ್ಯೂಟರ್‌ಗಳಿಗೆ ಕೊಡುತ್ತಿತ್ತು. ನಾನೂ ಹಾಗೆಯೇ ಮಾಡಿದೆ, ಆದರೂ ಒಂದು ರಾತ್ರಿ 300 ತುಂಡುಗಳು ಖಾಲಿ ಬಂದವು, ಎಲ್ಲವೂ 'ಸರಿ' ಎಂಬ ಗುರುತಿನೊಂದಿಗೆ. ಒಬ್ಬ ಮಾಣಿ ಡ್ಯುಯಲ್ ಆ್ಯಪ್ ಬಳಸಿ ನಮ್ಮ ಆ್ಯಪನ್ನು ಒಂದೇ ಫೋನಿನಲ್ಲಿ ಎರಡು ಮಾಡಿಕೊಂಡಿದ್ದ. ಮೆಮೊರಿ ಸಾಲದೆ ಎರಡೂ ಖಾಲಿ ಉತ್ತರ ಕೊಟ್ಟಿದ್ದವು, ಖಾಲಿಗೆ ಖಾಲಿ ತಾಳೆಯಾಗಿತ್ತು! ಅವನನ್ನು ಬೈಯಲಿಲ್ಲ. ಉತ್ತರ ಮೊದಲೇ ಗೊತ್ತಿರುವ ತುಂಡುಗಳನ್ನು ನಡುನಡುವೆ ಸೇರಿಸಿದೆ, ಇಪ್ಪತ್ತಕ್ಕೆ ಒಂದರಂತೆ. ಅವು ತಪ್ಪಿದರೆ ಆ ರಾತ್ರಿಯ ಹಣ ನಿಲ್ಲುತ್ತದೆ, ಮರುರಾತ್ರಿ ಮತ್ತೆ ಅವಕಾಶ. ಜೋಡಿ ಆ್ಯಪ್‌ಗಳನ್ನು ಹೇಗೆ ಗುರುತಿಸುತ್ತೇನೆ ಎಂಬುದನ್ನು ಇಲ್ಲಿ ಬರೆಯುವುದಿಲ್ಲ.

ನಡುವೆ ಡೊಂಬಿವಲಿ ಲೋಕಲ್ ರೈಲಿನಲ್ಲೂ ಪ್ರಯತ್ನಿಸಿದೆ. ದಿನವೂ ಅದೇ ಡಬ್ಬಿ, ಅದೇ ಗೆಳೆಯರು. ಠಾಣೆ ನಿಲ್ದಾಣದಲ್ಲಿ ಇಬ್ಬರು ಇಳಿದರೆ ಅವರೊಂದಿಗೆ ಅರ್ಧ ಮುಗಿದ ಕೆಲಸವೂ ಇಳಿಯುತ್ತಿತ್ತು. ಜೇಬಿನಲ್ಲಿ ಫೋನ್ ಬಿಸಿಯಾಗುತ್ತಿತ್ತು. ನಾಲ್ಕೇ ದಿನಕ್ಕೆ ಬಿಟ್ಟೆ.

ಮಾಳಿಗೆಯಲ್ಲಿ ಮಾತ್ರ ರಾತ್ರಿಗೆ ಸುಮಾರು ಸಾವಿರ ಪುಟ, ಖರ್ಚು 120 ರೂಪಾಯಿ. ಮೂರು ವಾರದೊಳಗೆ 18 ಸಾವಿರವೂ ಮುಗಿಯಿತು. ಸಮಿತಿಯ ಹಿರಿಯರೊಬ್ಬರು ತಮ್ಮ ತಂದೆಯ ಹೆಸರು ಹುಡುಕಿದರು. ಏಳು ಪುಟಗಳಲ್ಲಿ ಸಿಕ್ಕಿತು. ಈಗ ಎದುರು ಗಲ್ಲಿಯ ಹೋಟೆಲಿನ ಹುಡುಗರೂ ಕೇಳುತ್ತಿದ್ದಾರೆ. ಅಲ್ಲಿ ಪ್ಲಗ್ ಪಾಯಿಂಟ್ ನಾಲ್ಕೇ ಇವೆ, ಮೊದಲು ಎಲೆಕ್ಟ್ರಿಷಿಯನ್ ಬರಬೇಕು.