ದೇಶ ಆಮೇಲೆ, ಮೊದಲು ರೈಲು ದಾರಿ: ಕಡಿಮೆ ಖರ್ಚಿನ ಯುರೋಪ್ ಆರಿಸುವುದು ಹೇಗೆ?

ನಮ್ಮ ಭಾವ ಒಂದು ಭಾನುವಾರ ಚೀಟಿಯೊಂದನ್ನು ತಂದು ನನ್ನ ಮುಂದಿಟ್ಟರು. ಪ್ಯಾರಿಸ್, ಆಮ್‌ಸ್ಟರ್‌ಡ್ಯಾಮ್, ಜ್ಯೂರಿಕ್, ವೆನಿಸ್, ರೋಮ್, ಬಾರ್ಸಿಲೋನಾ. ಕೆಳಗೆ ಕೆಂಪು ಪೆನ್ನಿನಲ್ಲಿ ‘10 ದಿನ’. "ಇದನ್ನೇ ಸ್ವಲ್ಪ ಅಗ್ಗದಲ್ಲಿ ಕೂರಿಸಿ ಕೊಡು ಮಾರಾಯ, ಎಲ್ಲಾ ರೈಲಲ್ಲೇ ಆಗಬೇಕು" ಅಂದರು. ಕೂರಿಸಲು ನೋಡಿದೆ. ಹತ್ತರಲ್ಲಿ ಐದು ದಿನ ಪ್ಲಾಟ್‌ಫಾರಂ ಮತ್ತು ಹೋಟೆಲ್ ಕೌಂಟರ್‌ಗಳಲ್ಲೇ ಕಳೆಯುತ್ತಿತ್ತು. ಉಳಿದ ಐದು ದಿನಕ್ಕೆ ಆರು ಊರು, ಅದೂ ಯುರೋಪಿನ ದುಬಾರಿ ಊರುಗಳು.

ಇಂಥ ಚೀಟಿ ನಾನು ಬಹಳ ನೋಡಿದ್ದೇನೆ. ಎಲ್ಲರೂ ಮೊದಲು ದೇಶಗಳನ್ನು ಆರಿಸುತ್ತಾರೆ, ಆಮೇಲೆ ಅವುಗಳ ನಡುವೆ ರೈಲು ಹುಡುಕುತ್ತಾರೆ. ದುಡ್ಡು ಸೋರುವುದು ಅಲ್ಲೇ. ಉಲ್ಟಾ ಮಾಡಿ ನೋಡಿ.

ಹೆಜ್ಜೆ 1: ತಿಂಗಳು

ಏಪ್ರಿಲ್ ಕೊನೆಯಿಂದ ಮೇ ಮಧ್ಯದವರೆಗೆ, ಇಲ್ಲವೇ ಸೆಪ್ಟೆಂಬರ್–ಅಕ್ಟೋಬರ್. ಕ್ರಿಸ್‌ಮಸ್ ಸಂತೆ ನೋಡುವ ಆಸೆಯಿದ್ದರೆ ಡಿಸೆಂಬರಿನ ಹೋಟೆಲ್ ಬಾಡಿಗೆ ನೋಡಿ ಬೆಚ್ಚಬೇಡಿ.

ಹೆಜ್ಜೆ 2: ದಾರಿ

ಭೂಪಟದ ಮೇಲೆ ಒಂದು ಗೆರೆ ಎಳೆಯಿರಿ. ಷರತ್ತು ಎರಡೇ. ಒಂದು ಊರಿಂದ ಮುಂದಿನ ಊರಿಗೆ ನೇರ ರೈಲು ಇರಬೇಕು. ಪ್ರಯಾಣ ನಾಲ್ಕು ಗಂಟೆ ಮೀರಬಾರದು. ತಿಂಡಿ ತಿಂದು ಹೊರಟರೆ ಮಧ್ಯಾಹ್ನದ ಊಟಕ್ಕೆ ಇನ್ನೊಂದು ಊರು ಸಿಗಬೇಕು. ಆಗ ಸಂಜೆ ಪೂರ್ತಿ ತಿರುಗಾಟಕ್ಕೆ ಉಳಿಯುತ್ತದೆ.

ಮೊದಲ ಸಲ ಹೋಗುವವರಿಗೆ ನಾನು ಹೇಳುವುದು ಒಂದೇ ದಾರಿ: ಪ್ರಾಗ್ (ಚೆಕ್), ವಿಯೆನ್ನಾ (ಆಸ್ಟ್ರಿಯಾ), ಬ್ರಾಟಿಸ್ಲಾವಾ (ಸ್ಲೊವಾಕಿಯಾ), ಬುಡಾಪೆಸ್ಟ್ (ಹಂಗೇರಿ). ಪ್ರಾಗ್‌ನಿಂದ ವಿಯೆನ್ನಾಕ್ಕೆ ಸುಮಾರು 4 ಗಂಟೆ. ಅಲ್ಲಿಂದ ಬ್ರಾಟಿಸ್ಲಾವಾಕ್ಕೆ 1 ಗಂಟೆ. ಮತ್ತೆ ಬುಡಾಪೆಸ್ಟ್‌ಗೆ ಎರಡೂವರೆ ಗಂಟೆ. ನಾಲ್ಕು ದೇಶಕ್ಕೂ ಒಂದೇ ಷೆಂಗೆನ್ ವೀಸಾ ಸಾಕು. ನಾಲ್ಕರಲ್ಲಿ ನಿಜಕ್ಕೂ ದುಬಾರಿ ಅನ್ನಿಸುವುದು ವಿಯೆನ್ನಾ ಮಾತ್ರ.

ಬರೀ ಅಗ್ಗ ಅಂತ ಈ ದಾರಿ ಹೇಳುತ್ತಿಲ್ಲ. ಪ್ರಾಗ್‌ನ ಚಾರ್ಲ್ಸ್ ಸೇತುವೆ ಕಟ್ಟಲು ಶುರುವಾಗಿದ್ದು 1357ರಲ್ಲಿ. ಅದರ ಮೇಲೆ ಓಡಾಡಲು ದುಡ್ಡಿಲ್ಲ. ಬೆಳಿಗ್ಗೆ ಆರಕ್ಕೆ ಹೋದರೆ ಜನವೂ ಇಲ್ಲ. ವಿಯೆನ್ನಾದ ಷೋನ್‌ಬ್ರುನ್ ಅರಮನೆಯ ಒಳಗೆ ಟಿಕೆಟ್ ಇದೆ, ಆದರೆ ದೊಡ್ಡ ತೋಟ ಪುಕ್ಕಟೆ. ಬುಡಾಪೆಸ್ಟ್‌ನಲ್ಲಿ 2ನೇ ನಂಬರಿನ ಟ್ರಾಮ್ ಡಾನ್ಯೂಬ್ ದಂಡೆಯಲ್ಲೇ ಸಾಗಿ ಸಂಸತ್ ಭವನದ ಪಕ್ಕ ಹಾದುಹೋಗುತ್ತದೆ. ಮಾಮೂಲಿ ಟ್ರಾಮ್ ಟಿಕೆಟ್ ಸಾಕು. ದೋಣಿ ವಿಹಾರಕ್ಕೆ ಸುರಿಯುವ ದುಡ್ಡು ಉಳಿಯಿತು. ಅಲ್ಲಿನ ಮೆಟ್ರೊ 1ನೇ ಮಾರ್ಗ ಶುರುವಾಗಿದ್ದು 1896ರಲ್ಲಿ. ಹಳದಿ ಬಣ್ಣದ ಪುಟ್ಟ ಡಬ್ಬಿಗಳು, ಹತ್ತಿಪ್ಪತ್ತು ಮೆಟ್ಟಿಲು ಇಳಿದರೆ ಪ್ಲಾಟ್‌ಫಾರಂ. ಮೆಟ್ರೊ ಹತ್ತುವುದೇ ಒಂದು ನೋಟ.

"ಅಲ್ಲಯ್ಯ, ಸ್ವಿಟ್ಜರ್ಲೆಂಡ್ ಇಲ್ಲದೆ ಯುರೋಪಾ?" ಅಂದರು ಭಾವ. ಬೆಟ್ಟದ ರೈಲು ತಾನೇ ಬೇಕು? ವಿಯೆನ್ನಾದಿಂದ ದಕ್ಷಿಣಕ್ಕೆ ಸೆಮರಿಂಗ್ ರೈಲು ಮಾರ್ಗವಿದೆ. 1848ರಿಂದ 1854ರೊಳಗೆ ಕಟ್ಟಿದ್ದು. 41 ಕಿ.ಮೀ. ಉದ್ದ, 16 ದೊಡ್ಡ ಕಲ್ಲಿನ ಸೇತುವೆಗಳು. 1998ರಲ್ಲಿ ಯುನೆಸ್ಕೊ ಪಟ್ಟಿ ಸೇರಿದೆ. ನಮ್ಮ ಸಕಲೇಶಪುರ–ಸುಬ್ರಹ್ಮಣ್ಯ ಘಾಟಿಯ ರೈಲು ಇಷ್ಟಪಡುವವರು ಇದನ್ನು ಬಿಡಬಾರದು. ಬೆಳಿಗ್ಗೆ ಹೋಗಿ ಸಂಜೆ ವಿಯೆನ್ನಾಕ್ಕೆ ವಾಪಸ್ ಬರಬಹುದು.

ಈಗ ಬೀಳಬಾರದ ಹಳ್ಳಗಳು. ‘ಅಗ್ಗದ ಯುರೋಪ್’ ಅಂತ ಹುಡುಕಿದರೆ ಬರುವ ಎಲ್ಲ ಊರೂ ರೈಲಲ್ಲಿ ತಿರುಗುವವರಿಗೆ ಹೇಳಿ ಮಾಡಿಸಿದ್ದಲ್ಲ. ಕ್ರೊವೇಷಿಯಾದ ಡುಬ್ರೋವ್ನಿಕ್ ಫೋಟೊದಲ್ಲಿ ಚೆಂದ, ಆದರೆ ಆ ಊರಿಗೆ ರೈಲೇ ಇಲ್ಲ. ರೊಮೇನಿಯಾ, ಬಲ್ಗೇರಿಯಾ ನಿಜಕ್ಕೂ ಅಗ್ಗ. ಆದರೆ ಒಂದರ ರಾಜಧಾನಿ ಬುಕಾರೆಸ್ಟ್‌ನಿಂದ ಇನ್ನೊಂದರ ರಾಜಧಾನಿ ಸೋಫಿಯಾಕ್ಕೆ ರೈಲಲ್ಲಿ ಇಡೀ ದಿನ ಹೋಗುತ್ತದೆ. ಪೋಲೆಂಡಿನ ಕ್ರಾಕೋವ್ ನನಗೆ ಬಹಳ ಇಷ್ಟದ ಊರು. ಆದರೆ ಪ್ರಾಗ್‌ನಿಂದ ಸುಮಾರು 7 ಗಂಟೆ. ಎರಡು ವಾರ ರಜೆ ಇದ್ದರೆ ಮಾತ್ರ ಸೇರಿಸಿ.

ಒಂದು ಊರು ನಿಮ್ಮ ಜೇಬಿಗೆ ಆಗುತ್ತದೋ ಇಲ್ಲವೋ ನೋಡಲು ಮೂರು ಬೆಲೆ ಸಾಕು. ಮಂಗಳವಾರ ರಾತ್ರಿಯ ಹೋಟೆಲ್ ಬಾಡಿಗೆ, ಟ್ರಾಮ್–ಮೆಟ್ರೊಗಳ ದಿನದ ಪಾಸು, ಮಧ್ಯಾಹ್ನದ ಊಟ. ವಿಮಾನದ ಬೆಲೆ ನೋಡಿ ಊರು ಆರಿಸುವವರು ಈ ಮೂರರಲ್ಲಿ ಸೋಲುತ್ತಾರೆ.

ಹೆಜ್ಜೆ 3: ವಿಮಾನ

ಹೋಗುವುದು ಪ್ರಾಗ್‌ಗೆ, ಬರುವುದು ಬುಡಾಪೆಸ್ಟ್‌ನಿಂದ. ‘ಮಲ್ಟಿ ಸಿಟಿ’ ಅಂತ ಒತ್ತಿ ಹುಡುಕಿ. ಹೋದ ಊರಿಗೇ ವಾಪಸ್ ಬಂದು ವಿಮಾನ ಹತ್ತುವುದು ಒಂದು ದಿನ ದಂಡ.

ಹೆಜ್ಜೆ 4: ವೀಸಾ

ಯಾವ ದೇಶದಲ್ಲಿ ಜಾಸ್ತಿ ದಿನ ಇರುತ್ತೀರೋ ಆ ದೇಶಕ್ಕೇ ಅರ್ಜಿ ಹಾಕಬೇಕು. ಎಲ್ಲ ಕಡೆ ದಿನ ಸಮನಾಗಿದ್ದರೆ ಮೊದಲು ಕಾಲಿಡುವ ದೇಶಕ್ಕೆ. ಅರ್ಜಿ ಕೊಡುವ ಸ್ಲಾಟ್ ಬೇಗ ಸಿಕ್ಕಿತು ಅಂತ ಬೇರೆ ದೇಶಕ್ಕೆ ಹಾಕುವವರಿದ್ದಾರೆ. ಆಮೇಲೆ ಪ್ಲಾನ್ ಒಂದು, ವೀಸಾ ಇನ್ನೊಂದು. ಲೆಕ್ಕ ಸರಳ ಮಾಡಿಕೊಳ್ಳಿ: ಪ್ರಾಗ್‌ನಲ್ಲಿ 5 ರಾತ್ರಿ, ವಿಯೆನ್ನಾದಲ್ಲಿ 3, ಬ್ರಾಟಿಸ್ಲಾವಾದಲ್ಲಿ 1, ಬುಡಾಪೆಸ್ಟ್‌ನಲ್ಲಿ 3. ಚೆಕ್ ದೇಶಕ್ಕೇ ಅರ್ಜಿ, ಗೊಂದಲವಿಲ್ಲ. ಪ್ರಾಗ್‌ನ ಐದರಲ್ಲಿ ಒಂದು ದಿನ ಕುಟ್ನಾ ಹೋರಾಕ್ಕೆ ಹೋಗಿಬನ್ನಿ. ರೈಲಲ್ಲಿ ಒಂದು ಗಂಟೆ. ಮನುಷ್ಯರ ಮೂಳೆಗಳಿಂದ ಅಲಂಕರಿಸಿದ ಚರ್ಚ್ ಅಲ್ಲಿದೆ.

ದೊಡ್ಡವರಿಗೆ ವೀಸಾ ಶುಲ್ಕ 90 ಯೂರೊ, ಅರ್ಜಿ ತೆಗೆದುಕೊಳ್ಳುವ ವೀಸಾ ಕೇಂದ್ರದವರ ಸೇವಾ ಶುಲ್ಕ ಬೇರೆ. ಕನಿಷ್ಠ 30,000 ಯೂರೊಗಳ ಆರೋಗ್ಯ ವಿಮೆ ಬೇಕೇ ಬೇಕು. ಆರು ತಿಂಗಳ ಮೊದಲೇ ಅರ್ಜಿ ಹಾಕಬಹುದು. ಮೂರು ತಿಂಗಳಿಗಿಂತ ತಡ ಮಾಡಬೇಡಿ. ಯಾಕೆ ಅಂತ ಮುಂದಿನ ಹೆಜ್ಜೆಯಲ್ಲಿ ಗೊತ್ತಾಗುತ್ತದೆ.

ಹೆಜ್ಜೆ 5: ರೈಲು ಟಿಕೆಟ್

ಜನ ಎಡವುವುದೆಲ್ಲ ಇಲ್ಲೇ. ಸ್ವಲ್ಪ ನಿಧಾನಕ್ಕೆ ಓದಿ.

ಮೊದಲು ಪಾಸಿನ ಮಾತು, ಅಂದರೆ ಹಲವು ದೇಶಗಳ ರೈಲಿಗೆ ಒಟ್ಟಿಗೇ ಕೊಳ್ಳುವ ಒಂದೇ ಟಿಕೆಟ್. "ಯೂರೇಲ್ ಪಾಸ್ ತಗೊಂಡ್ವಿ, ಇನ್ನು ಚಿಂತೆ ಇಲ್ಲ" ಅಂತ ಹೇಳುವವರನ್ನು ಕಂಡರೆ ನನಗೆ ಅಯ್ಯೋ ಅನ್ನಿಸುತ್ತದೆ. ನಾಲ್ಕು ದಿನ ಓಡಾಡುವ ಪಾಸಿಗೇ ಒಬ್ಬರಿಗೆ 250 ಯೂರೊ ದಾಟುತ್ತದೆ. ನಮ್ಮ ದಾರಿಯಲ್ಲಿ ಇರುವುದು ಮೂರೇ ರೈಲು. ಪ್ರಾಗ್–ವಿಯೆನ್ನಾ ಟಿಕೆಟ್ ಮುಂಚೆ ಕೊಂಡರೆ ಹದಿನೈದು–ಇಪ್ಪತ್ತು ಯೂರೊಗೆ ಸಿಗುತ್ತದೆ. ಉಳಿದೆರಡೂ ಅದಕ್ಕಿಂತ ಹೆಚ್ಚೇನಿಲ್ಲ. ಮೂರೂ ಸೇರಿ ಪಾಸಿನ ಕಾಲು ಭಾಗ! ಮೇಲಾಗಿ ಫ್ರಾನ್ಸ್, ಇಟಲಿ, ಸ್ಪೇನ್‌ನ ವೇಗದ ರೈಲುಗಳಲ್ಲಿ ಪಾಸ್ ಇದ್ದರೂ ಸೀಟಿಗೆ ಬೇರೆ ದುಡ್ಡು ಕಟ್ಟಬೇಕು. ಪಾಸ್ ಯಾರಿಗೆ ಅಂದರೆ, ಇವತ್ತು ಎಲ್ಲಿಗೆ ಹೋಗಬೇಕು ಅಂತ ಬೆಳಿಗ್ಗೆ ಎದ್ದು ಯೋಚಿಸುವ ಹುಡುಗರಿಗೆ. ಸಂಸಾರಸ್ಥರಿಗೆ ಬೇಡ.

ಯುರೋಪಿನ ರೈಲು ಟಿಕೆಟ್ ನಮ್ಮ ವಿಮಾನದ ಟಿಕೆಟ್ ಇದ್ದ ಹಾಗೆ. ದಿನ ಹತ್ತಿರ ಬಂದಂತೆ ಬೆಲೆ ಏರುತ್ತದೆ. ಎರಡು ಮೂರು ತಿಂಗಳ ಮುಂಚೆ ಅಗ್ಗ. ವೇಯ್ಟಿಂಗ್ ಲಿಸ್ಟ್, ಆರ್‌ಎಸಿ, ತತ್ಕಾಲ್ ಇಲ್ಲ. ಆದರೆ ಅಗ್ಗದ ಟಿಕೆಟ್ ಆ ಒಂದು ರೈಲಿಗೆ ಮಾತ್ರ. ತಪ್ಪಿಸಿಕೊಂಡರೆ ದುಡ್ಡು ಹೋಯಿತು, ರದ್ದು ಮಾಡಿದರೂ ಸಾಮಾನ್ಯವಾಗಿ ವಾಪಸ್ ಬರುವುದಿಲ್ಲ. ವೀಸಾ ಬೇಗ ಮಾಡಿಸಿ ಅಂದಿದ್ದು ಇದಕ್ಕೇ. ಅರ್ಜಿಗೆ ವಿಮಾನ ಬಿಟ್ಟರೆ ಹೋಟೆಲ್ ಮಾತ್ರ ಬುಕ್ ಮಾಡಿ, ಅದೂ ರದ್ದು ಮಾಡಬಹುದಾದದ್ದು. ವೀಸಾ ಕೈಗೆ ಬಂದ ದಿನ ಸಂಜೆ ರೈಲು ಟಿಕೆಟ್ ಕೊಂಡುಬಿಡಿ.

ಎಲ್ಲಿ ಕೊಳ್ಳಬೇಕು? ಆಯಾ ರೈಲ್ವೆಯ ಸ್ವಂತ ಆ್ಯಪ್‌ನಲ್ಲೇ. ನಡುವಿನ ಮಾರಾಟಗಾರರು ಮೇಲೆ ಕಮಿಷನ್ ಇಡುತ್ತಾರೆ, ರೈಲು ತಡವಾದರೆ ಅವರನ್ನು ಹಿಡಿಯುವುದು ಕಷ್ಟ. ಇನ್ನೊಂದು ಗುಟ್ಟು: ಗಡಿ ದಾಟುವ ರೈಲನ್ನು ಎರಡೂ ದೇಶದ ರೈಲ್ವೆ ಮಾರುತ್ತವೆ, ಬೆಲೆ ಒಂದೇ ಇರಬೇಕೆಂದಿಲ್ಲ. ಪ್ರಾಗ್–ವಿಯೆನ್ನಾ ರೈಲನ್ನು ಚೆಕ್ ರೈಲ್ವೆಯ ಆ್ಯಪ್‌ನಲ್ಲೂ ಆಸ್ಟ್ರಿಯಾದ ಓಬಿಬಿ ಆ್ಯಪ್‌ನಲ್ಲೂ ನೋಡಿ. ಅದೇ ದಾರಿಯಲ್ಲಿ ರೆಜಿಯೊಜೆಟ್ ಅನ್ನುವ ಖಾಸಗಿ ಹಳದಿ ರೈಲೂ ಓಡುತ್ತದೆ. ಮೂರನ್ನೂ ಹೋಲಿಸಿ ಕೊಳ್ಳಿ.

ಆಮೇಲೆ, ಟಿಕೆಟ್ ಬೇರೆ, ಸೀಟು ಬೇರೆ. ಇದು ನಮ್ಮವರ ತಲೆಗೆ ಹೋಗುವುದೇ ಇಲ್ಲ. ಪ್ರಾಗ್–ವಿಯೆನ್ನಾ–ಬುಡಾಪೆಸ್ಟ್ ಕಡೆ ಓಡುವ ರೇಲ್‌ಜೆಟ್‌ನಲ್ಲಿ ಟಿಕೆಟ್ ಇದ್ದರೂ ಸೀಟು ನಿಮ್ಮದಲ್ಲ. ಸೀಟು ಬೇಕಾದರೆ ಸ್ವಲ್ಪ ದುಡ್ಡು ಕೊಟ್ಟು ಕಾದಿರಿಸಬೇಕು. ಒಮ್ಮೆ ಸೀಟು ಕಾದಿರಿಸದೆ ಹೋಗಿ, ಖಾಲಿ ಕಂಡ ಕಡೆ ನಾನು, ನನ್ನ ಹೆಂಡತಿ ಕೂತೆವು. ನಡುದಾರಿಯ ಬ್ರನೋ ಸ್ಟೇಷನ್ ಬಂತು. ಅಜ್ಜಿಯೊಬ್ಬರು ಬಂದು ನಮ್ಮ ತಲೆಯ ಮೇಲಿನ ಪುಟ್ಟ ಡಿಜಿಟಲ್ ಪರದೆ ತೋರಿಸಿ ನಕ್ಕರು. ‘ಬ್ರನೋ–ವಿಯೆನ್ನಾ’ ಅಂತ ಅಲ್ಲಿ ಬರೆದೇ ಇತ್ತು. ಬ್ಯಾಗು, ಚಕ್ಕುಲಿ ಡಬ್ಬ ಎಲ್ಲ ಎತ್ತಿಕೊಂಡು ಎದ್ದೆವು. ಈಗ ಆ ಪರದೆ ಓದದೆ ಕೂರುವುದಿಲ್ಲ. ಅದರಲ್ಲಿ ಸೀಟು ವಿಯೆನ್ನಾದಿಂದ ಮುಂದಕ್ಕೆ ಮಾತ್ರ ಕಾದಿರಿಸಿದೆ ಅಂತಿದ್ದು, ನೀವು ವಿಯೆನ್ನಾದಲ್ಲೇ ಇಳಿಯುವವರಾದರೆ ಧೈರ್ಯವಾಗಿ ಕೂರಿ.

ಬ್ರಾಟಿಸ್ಲಾವಾದಿಂದ ಬುಡಾಪೆಸ್ಟ್‌ಗೆ ಹೋಗುವಾಗ ಬಲಗಡೆಯ ಕಿಟಕಿ ಹಿಡಿಯಿರಿ. ಡಾನ್ಯೂಬ್ ನದಿ ಬಹಳ ದೂರ ಜೊತೆಗೇ ಬರುತ್ತದೆ. ಆಚೆ ದಡದಲ್ಲಿ ಎಸ್ಟರ್‌ಗೋಮ್ ಚರ್ಚಿನ ದೊಡ್ಡ ಗುಮ್ಮಟ ಕಾಣುತ್ತದೆ.

ರಾತ್ರಿ ರೈಲು ಹತ್ತಿದರೆ ಒಂದು ರಾತ್ರಿಯ ಹೋಟೆಲ್ ಖರ್ಚು ಉಳಿಯುತ್ತದೆ ಅಂತ ಹೇಳುವವರಿದ್ದಾರೆ. ಮಲಗುವ ಬರ್ತ್ ಸಿಕ್ಕರೆ ಸರಿ. ಕೂತು ಹೋಗುವ ಸೀಟಾದರೆ ಮರುದಿನ ಮಧ್ಯಾಹ್ನದವರೆಗೆ ತೂಕಡಿಕೆ, ನೋಡುವುದೇನು ಬಂತು?

ಹೆಜ್ಜೆ 6: ಸ್ಟೇಷನ್

ಒಂದೇ ಊರಲ್ಲಿ ಮೂರು ದೊಡ್ಡ ಸ್ಟೇಷನ್ ಇರಬಹುದು. ಬುಡಾಪೆಸ್ಟ್‌ನಲ್ಲಿ ಕೆಲೆಟಿ, ನ್ಯುಗಟಿ, ಡೇಲಿ. ಅಂದರೆ ಪೂರ್ವ, ಪಶ್ಚಿಮ, ದಕ್ಷಿಣ. ವಿಯೆನ್ನಾ ಇರುವುದು ಪಶ್ಚಿಮಕ್ಕೆ, ಆದರೆ ಅಲ್ಲಿಂದ ರೈಲು ಸಾಮಾನ್ಯವಾಗಿ ಬರುವುದು ಪೂರ್ವದ ಕೆಲೆಟಿಗೆ! ಬ್ರಾಟಿಸ್ಲಾವಾ ಕಡೆಯ ಹೆಚ್ಚಿನ ರೈಲುಗಳು ನ್ಯುಗಟಿಗೆ. ಹೆಸರು ನೋಡಿ ದಿಕ್ಕು ಊಹಿಸಿ ನಾನೇ ಒಮ್ಮೆ ತಪ್ಪು ಸ್ಟೇಷನ್ನಿನಲ್ಲಿ ನಿಂತಿದ್ದೆ. ಟ್ಯಾಕ್ಸಿಗೆ ಸುರಿದ ದುಡ್ಡಿನಲ್ಲಿ ಎರಡು ಊಟ ಆಗುತ್ತಿತ್ತು. ಬ್ರಾಟಿಸ್ಲಾವಾದಲ್ಲೂ ಹಾಗೇ, ವಿಯೆನ್ನಾದ ರೈಲುಗಳು ಎರಡು ಸ್ಟೇಷನ್‌ಗೆ ಬರುತ್ತವೆ: ಮುಖ್ಯ ಸ್ಟೇಷನ್, ಪೆಟ್ರ್‌ಜಾಲ್ಕಾ. ಟಿಕೆಟ್ ಮೇಲೆ ಊರಿನ ಹೆಸರಿನ ಮುಂದೆ ಏನು ಬರೆದಿದೆ ಅದನ್ನು ಓದಿ. ಜರ್ಮನ್‌ನ ‘ಹಾಪ್ಟ್‌ಬಾನ್‌ಹೋಫ್’, ಚೆಕ್‌ನ ‘ಹ್ಲಾವ್ನಿ ನಾಡ್ರಾಜಿ’ ಎರಡಕ್ಕೂ ಮುಖ್ಯ ನಿಲ್ದಾಣ ಅಂತಲೇ ಅರ್ಥ.

ಊರಿನ ಹೆಸರೂ ಬದಲು. ಪ್ರಾಗ್ ಅಲ್ಲಿಯವರಿಗೆ ಪ್ರಾಹಾ. ವಿಯೆನ್ನಾ ಜರ್ಮನ್‌ನಲ್ಲಿ ವೀನ್, ಚೆಕ್‌ನಲ್ಲಿ ವೀಡೆನ್ಯ್, ಹಂಗೇರಿಯವರಿಗೆ ಬೇಚ್. ಹೆಸರು ಹುಡುಕುವ ಬದಲು ರೈಲಿನ ನಂಬರು ನೋಡಿ, ತಪ್ಪುವುದಿಲ್ಲ.

ಪ್ಲಾಟ್‌ಫಾರಂ ನಂಬರು ಕೆಲವು ಕಡೆ ಕೊನೆಯ ಇಪ್ಪತ್ತು ನಿಮಿಷದಲ್ಲಿ ಬೋರ್ಡಿಗೆ ಬರುತ್ತದೆ. ಬಂದ ಕೂಡಲೇ ಎಲ್ಲರೂ ಓಡುತ್ತಾರೆ. ಕೂಲಿಗಳು ಇರುವುದಿಲ್ಲ. ಒಬ್ಬರಿಗೆ ಒಂದೇ ಸೂಟ್‌ಕೇಸ್, ಅದೂ ನೀವೇ ಎತ್ತಿ ಮೆಟ್ಟಿಲು ಹತ್ತುವಷ್ಟು ತೂಕದ್ದು. ಇನ್ನೊಂದು: ರೈಲು ನಿಂತ ಮಾತ್ರಕ್ಕೆ ಬಾಗಿಲು ತಾನೇ ತೆರೆಯುವುದಿಲ್ಲ, ಗುಂಡಿ ಒತ್ತಬೇಕು. ಬಾಗಿಲ ಮುಂದೆ ಕೈಕಟ್ಟಿ ಕಾಯುತ್ತಾ ರೈಲು ತಪ್ಪಿಸಿಕೊಂಡವರನ್ನು ಕಣ್ಣಾರೆ ಕಂಡಿದ್ದೇನೆ. ಪಾಸ್‌ಪೋರ್ಟ್ ಕೈಗೆ ಸಿಗುವ ಹಾಗಿರಲಿ, ಗಡಿಯಲ್ಲಿ ಪೊಲೀಸರು ಹತ್ತಿ ಕೇಳುವುದುಂಟು.

ಹೆಜ್ಜೆ 7: ರೂಮು, ದುಡ್ಡು, ಊಟ

ಹಳೇ ಪೇಟೆಯ ನಡುವೆ ರೂಮು ಬೇಡ. ಟ್ರಾಮ್ ಸ್ಟಾಪ್ ಹತ್ತಿರವಿದ್ದರೆ ಸಾಕು. ವಿಯೆನ್ನಾ ದುಬಾರಿ ಅಂತ ಬ್ರಾಟಿಸ್ಲಾವಾದಲ್ಲಿ ಉಳಿದು ದಿನಾ ಓಡಾಡುವ ಉಪಾಯವೂ ಇದೆ. ನನಗೆ ಒಪ್ಪಿಗೆಯಿಲ್ಲ, ವಿಯೆನ್ನಾದ ಸಂಜೆ ಕೈತಪ್ಪುತ್ತದೆ. ಆಸ್ಟ್ರಿಯಾ, ಸ್ಲೊವಾಕಿಯಾದಲ್ಲಿ ಯೂರೊ ನಡೆಯುತ್ತದೆ, ಚೆಕ್‌ನಲ್ಲಿ ಕೊರುನಾ, ಹಂಗೇರಿಯಲ್ಲಿ ಫೋರಿಂಟ್. ಎಟಿಎಂ "ರೂಪಾಯಿಯಲ್ಲಿ ಲೆಕ್ಕ ಹಾಕಲೇ?" ಅಂತ ಕೇಳಿದರೆ ಬೇಡ ಅನ್ನಿ, ಆ ದರದಲ್ಲಿ ಕಳೆದುಕೊಳ್ಳುವವರು ನೀವೇ. ಅರವತ್ತು ಮ್ಯೂಸಿಯಂ ತೋರಿಸುವ ‘ಸಿಟಿ ಕಾರ್ಡ್’ ಸುಮ್ನೆ ದಂಡ. ನಾನು ಕೊಂಡು ಎರಡೇ ಮ್ಯೂಸಿಯಂ ನೋಡಿದೆ. ಟ್ರಾಮ್‌ನ ಕಾಗದದ ಟಿಕೆಟ್‌ಗೆ ಯಂತ್ರದಲ್ಲಿ ಮುದ್ರೆ ಒತ್ತಿಸಲು ಮರೆತರೆ ಟಿಕೆಟ್ ಇದ್ದೂ ದಂಡ ಬೀಳುತ್ತದೆ.

ಮಧ್ಯಾಹ್ನವೇ ಹೊಟ್ಟೆ ತುಂಬಾ ಊಟ ಮಾಡಿ. ಚೆಕ್ ದೇಶದಲ್ಲಿ ವಾರದ ದಿನ ‘ಪೊಲೆಡ್ನಿ ಮೆನು’ ಅಂತ ಅಗ್ಗದ ಊಟ ಸಿಗುತ್ತದೆ, ಸಂಜೆ ಅದೇ ಹೋಟೆಲಿನಲ್ಲಿ ರೇಟು ಬೇರೆ. ಸಸ್ಯಾಹಾರಿಗಳಿಗೆ ಬುಡಾಪೆಸ್ಟ್‌ನ ಲಾಂಗೋಷ್ ಇದೆ, ನಮ್ಮ ಭಟೂರದ ಅಣ್ಣ. ಮೇಲೆ ಬೆಳ್ಳುಳ್ಳಿ, ಹುಳಿ ಕೆನೆ, ಚೀಸ್. ಮಾಂಸ ಹಾಕಬೇಡಿ ಅಂತ ಮೊದಲೇ ಹೇಳಿ. ಮನೆಯಿಂದ ಒಯ್ಯುವುದಾದರೆ ಚಟ್ನಿಪುಡಿ, ಅವಲಕ್ಕಿ ಇರಲಿ. ತುಪ್ಪ, ಪೇಡ ಬೇಡ. ಹೊರಗಿನಿಂದ ಹಾಲಿನ ಪದಾರ್ಥ ತರುವುದಕ್ಕೆ ಅಲ್ಲಿ ನಿಷೇಧವಿದೆ. ಭಾವ ಇದನ್ನು ಕೇಳಿ, ಅಕ್ಕ ಕಟ್ಟಿಕೊಟ್ಟಿದ್ದ ಧಾರವಾಡ ಪೇಡದ ಡಬ್ಬ ಬೆಂಗಳೂರಿನ ವಿಮಾನ ನಿಲ್ದಾಣದಲ್ಲೇ ತೆರೆದರು. ಬಿಡಲು ಬಂದಿದ್ದ ನನಗೆ ನಾಲ್ಕು ಸಿಕ್ಕಿತು.